ತುದಿಗೆ ಓಡಬೇಡಿ, ಅಗಸಿಯಿಂದ ಹೊರಡಿ
ಓದುಗರ ಪ್ರಶ್ನೆ, ನಮ್ಮ ಉತ್ತರ: ಕೋಟೆ ಊರುಗಳಲ್ಲಿ ಕಾಲ್ನಡಿಗೆ

ಗುಡ್ಡದ ಮಗ್ಗುಲಿನ ಹಳೆಯ ಊರುಗಳನ್ನು ನಡೆದು ನೋಡುವುದು ಹೇಗೆಂದು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಓದುಗರು ಬರೆದಿದ್ದಾರೆ. ಹೆಚ್ಚಿನ ಪತ್ರಗಳ ಮೊದಲ ಮಾತೇ "ಮ್ಯಾಲೆ ಹತ್ತಾಕ ಎಷ್ಟು ಹೊತ್ತು ಬೇಕು?" ಎಂಬುದು. ಹತ್ತುವುದಕ್ಕೆ ಬೇಕಾದದ್ದು ಅರ್ಧ ತಾಸು, ಮುಕ್ಕಾಲು ತಾಸು ಅಷ್ಟೇ. ಊರು ಇರುವುದು ಗುಡ್ಡದ ಕೆಳಗೆ. ಕಂದಕ, ಬಾಗಿಲು, ಓಣಿ, ಬಾವಿ ಇವನ್ನು ದಾಟಿ ಮೇಲೆ ಹೋದವರಿಗೆ ತುದಿಯಿಂದ ಏನು ಕಾಣುತ್ತಿದೆ ಎಂದು ತಿಳಿಯುತ್ತದೆ. ಉಳಿದವರಿಗೆ ಮೇಲೆ ಸಿಗುವುದು ಗಾಳಿ ಮಾತ್ರ.

ರಾಯಚೂರಿಗೆ ಆಸ್ಪತ್ರೆ, ಕಚೇರಿ ಕೆಲಸಕ್ಕೆಂದು ಎಷ್ಟೋ ಸಲ ಹೋಗಿದ್ದೇವೆ. ಕೋಟೆಯನ್ನು ದೂರದಿಂದ ನೋಡಿದ್ದೇ ಹೆಚ್ಚು. ಒಂದು ಬೆಳಗಿನಲ್ಲಿ ನಡೆದು ನೋಡಬೇಕೆಂದರೆ ಎಲ್ಲಿಂದ ಸುರು ಮಾಡಬೇಕು? ಗುಡ್ಡ ಮೊದಲೋ, ಕಡೆಗೋ?
— ಓದುಗರೊಬ್ಬರು, ಸಿಂಧನೂರು

ಗುಡ್ಡ ಮೊದಲೂ ಅಲ್ಲ, ಕಡೆಗೂ ಅಲ್ಲ, ನಡುವೆ. ಬಾಗಿಲುಗಳಿಂದ ಸುರು ಮಾಡಿ, ಬಂಡೆ ಕಾಯುವ ಮುಂಚೆ ಗುಡ್ಡ ಹತ್ತಿ ಇಳಿಯಿರಿ. ಬಿಸಿಲೇರಿದ ಮೇಲೆ ನೆರಳಿರುವ ಓಣಿಗಳಿಗೆ ಬನ್ನಿ.

ಮೊದಲು ಕೋಟೆಯ ನಕ್ಷೆ ತಲೆಯಲ್ಲಿರಲಿ. ರಾಯಚೂರಿಗೆ ಎರಡು ಸುತ್ತಿನ ಗೋಡೆ. ಮೂರು ದಿಕ್ಕಿಗೆ ಆಳವಾದ ಕಂದಕವಿತ್ತು, ದಕ್ಷಿಣಕ್ಕೆ ಸಾಲುಗುಡ್ಡಗಳೇ ಕಾವಲು. ಹೊರಗೋಡೆಯ ಬಾಗಿಲುಗಳು ಐದು: ಪಶ್ಚಿಮಕ್ಕೆ ಮೆಕ್ಕಾ ದರವಾಜ, ಉತ್ತರಕ್ಕೆ ನವರಂಗಿ ದರವಾಜ, ಪೂರ್ವಕ್ಕೆ ಕಾಟಿ ದರವಾಜ, ದಕ್ಷಿಣಕ್ಕೆ ಖಂದಕ್ ದರವಾಜ, ಆಗ್ನೇಯಕ್ಕೆ ದೊಡ್ಡಿ ದರವಾಜ. ಒಳಗೋಡೆಗೆ ಪಶ್ಚಿಮದಲ್ಲಿ ಸೈಲಾನಿ, ಪೂರ್ವದಲ್ಲಿ ಸಿಕಂದರಿ. ಹಾಗಾಗಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗೆರೆ ಎಳೆದಂತೆ ನಡೆದರೆ ಮೆಕ್ಕಾ, ಸೈಲಾನಿ, ಗುಡ್ಡ, ಸಿಕಂದರಿ, ಕಾಟಿ ಕ್ರಮವಾಗಿ ಸಿಗುತ್ತವೆ. ನವರಂಗಿಯನ್ನು ಕೊನೆಗೆ ಬೇರೆಯಾಗಿ ಸೇರಿಸಿಕೊಳ್ಳಿ. ಅದರ ಕಲ್ಲುಗಳ ಮೇಲಿನ ಕೆತ್ತನೆಗೆ ಅರ್ಧ ತಾಸು ಬೇಕು.

ಬೆಳಿಗ್ಗೆ ಆರೂಕಾಲಿಗೆ ಮೆಕ್ಕಾ ದರವಾಜದಲ್ಲಿರಿ. ಇದು ಬಹಮನಿಗಳ ಕಾಲದ್ದು, 1470ರದು. ಅಲ್ಲಿಂದ ಒಳಗೋಡೆಗೆ ಬಂದಾಗ ಎರಡು ಗೋಡೆಗಳ ಕಲ್ಲನ್ನು ಹೋಲಿಸಿ ನೋಡಿ. ಹೊರಗೋಡೆ ಒರಟು ಕಟ್ಟಡ. ಒಳಗೋಡೆಯದು ನಯವಾಗಿ ಕಡಿದ ಭಾರಿ ಚಪ್ಪಡಿಗಳು, ಸುಣ್ಣವಿಲ್ಲ, ಗಾರೆಯಿಲ್ಲ; ಕಲ್ಲಿನ ತೂಕವೇ ಕಲ್ಲನ್ನು ಹಿಡಿದಿದೆ. ಎರಡು ಚಪ್ಪಡಿಗಳ ಸಂದಿನಲ್ಲಿ ಉಗುರು ಹೋಗುತ್ತದೋ ನೋಡಿದರೆ ಸಾಕು, ಕಲ್ಲುಕುಟಿಗರ ಕೈ ಎಂಥದ್ದೆಂದು ಗೊತ್ತಾಗುತ್ತದೆ.

ಪಶ್ಚಿಮದ ಒಳಗೋಡೆಯಲ್ಲೇ ಈ ಊರಿನ ಹುಟ್ಟಿನ ಕಾಗದವಿದೆ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲು, ಅದರ ಮೇಲೆ 1294ರ ತೆಲುಗು ಶಾಸನ. ಗೋರೆ ಗನ್ನಯ ರೆಡ್ಡಿಯ ಸೇನಾನಿ ವಿಠ್ಠಲನಾಥ ಈ ಕೋಟೆ ಕಟ್ಟಿಸಿದ ಸಂಗತಿ ಅದರಲ್ಲಿದೆ, ಕಾಕತೀಯರ ಕಾಲ. ಶಾಸನ ಓದಲು ಬಾರದವರು ಅದರ ಹತ್ತಿರ ಕೊರೆದಿರುವ ಗೆರೆಚಿತ್ರವನ್ನು ಬಿಡಬಾರದು. ಗಾಲಿಬಂಡಿಯ ಮೇಲೆ ಉದ್ದನೆಯ ಕಲ್ಲು, ಮುಂದೆ ಜೋಡಿ ಜೋಡಿಯಾಗಿ ಕೋಣಗಳ ಸಾಲು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. 41 ಅಡಿಯ ಕಲ್ಲು ಇಲ್ಲಿಗೆ ಹೇಗೆ ಬಂತೆಂಬ ಪ್ರಶ್ನೆಗೆ ಕಟ್ಟಿದವರೇ ಬಿಟ್ಟುಹೋದ ಉತ್ತರ ಇದು. ಕರ್ನಾಟಕದ ಕೋಟೆಗಳಲ್ಲಿ ಇದರಂಥದ್ದನ್ನು ಹುಡುಕುವುದು ಕಷ್ಟ. ಇಲ್ಲಿ ಇಪ್ಪತ್ತು ನಿಮಿಷ ನಿಲ್ಲಿ. ಹೆಚ್ಚಿನವರು ಇದರ ಮುಂದೆಯೇ ಓಡಾಡಿ ನೋಡದೆ ಹೋಗುತ್ತಾರೆ.

ಏಳು ದಾಟಿದ ಮೇಲೆ ಗುಡ್ಡಕ್ಕೆ ಹೊರಡಿ. ತುದಿಯ ಬಾಲಾ ಹಿಸ್ಸಾರ್‌ನಲ್ಲಿ ದರ್ಬಾರಿನ ಕಟ್ಟಡ, ಮಸೀದಿ, ಇಪ್ಪತ್ತು ಅಡಿಗೂ ಉದ್ದದ ತೋಪು (ಫಿರಂಗಿ) ಇವೆ. ತೋಪಿನ ಪಕ್ಕ ನಿಂತು ಅದರ ಬಾಯಿ ಯಾವ ದಿಕ್ಕಿಗಿದೆ, ಆ ದಿಕ್ಕಿನಿಂದ ಯಾವ ದಾರಿ ಬರುತ್ತದೆ ನೋಡಿ. ಕೆಳಗೆ ದಾಟಿ ಬಂದ ಬಾಗಿಲುಗಳನ್ನು ಒಂದೊಂದಾಗಿ ಗುರುತಿಸಿ. ಎಂಟೂವರೆಗೆ ಇಳಿಯಲು ಸುರು ಮಾಡಿ.

ಪೂರ್ವಕ್ಕೆ ಇಳಿದು ಸಿಕಂದರಿ, ಕಾಟಿ ದರವಾಜಗಳ ಕಡೆ ನಡೆಯುವಾಗ 1520 ನೆನಪಿರಲಿ. ಕೃಷ್ಣದೇವರಾಯ ಆ ವರ್ಷ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ಈ ಕೋಟೆ ಗೆದ್ದದ್ದು. ಮುತ್ತಿಗೆ ಹಾಕಿದ ಸೈನಿಕರು ಗೋಡೆಯ ಬುಡಕ್ಕೆ ನುಗ್ಗಿ ಹಾರೆಯಿಂದ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಪಣಗಳಲ್ಲಿ ಕೂಲಿ ಕೊಡುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಗಾರೆಯಿಲ್ಲದ ಗೋಡೆಯ ಬಲವೂ ಬಲಹೀನತೆಯೂ ಒಂದೇ ಕಡೆ ಇರುವುದು ಇಲ್ಲಿ ಕಾಣುತ್ತದೆ: ಭಾರವಿರುವವರೆಗೆ ಗಟ್ಟಿ, ಬುಡದ ಒಂದು ಕಲ್ಲು ಸಡಿಲಾದರೆ ಮೇಲಿನದು ತಾನೇ ಜಾರುತ್ತದೆ. ಪೋರ್ಚುಗೀಸ್ ಬಂದೂಕಿನವರು ಗೋಡೆಯ ಮೇಲಿದ್ದವರನ್ನು ತಲೆ ಎತ್ತದಂತೆ ಮಾಡಿದ್ದರಿಂದ ಈ ಕೆಲಸ ಸಾಧ್ಯವಾಯಿತು.

ಕೊನೆಗೆ ಏಕ್ ಮಿನಾರ್ ಮಸೀದಿ. ಹಿಜರಿ 919, ಅಂದರೆ 1513ರ ಆಸುಪಾಸು, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ ಪಾರ್ಸಿ ಬರಹ ಬಾಗಿಲಲ್ಲಿದೆ. ಒಂಟಿ ಮಿನಾರಿನ ಎತ್ತರ ಸುಮಾರು 65 ಅಡಿ. ನಮಾಜಿನ ಹೊತ್ತು ಬಿಟ್ಟು ಹೋಗಿ. ಹತ್ತೂವರೆಗೆ ಉಪ್ಪಿಟ್ಟೋ, ಒಗ್ಗರಣಿ-ಮಿರ್ಚಿಯೋ ತಿಂದು ಮನೆ ಕಡೆ ಹೊರಡಬಹುದು. ಎಲ್ಲ ಸೇರಿ ನಡಿಗೆ ಐದಾರು ಕಿಲೋಮೀಟರು.

ಕೋಟೆ ಬಾಗಿಲುಗಳು ಯಾಕೆ ನೆಟ್ಟಗಿರುವುದಿಲ್ಲ? ಒಳಗೆ ಹೋದ ಕೂಡಲೇ ಗೋಡೆ ಅಡ್ಡ ಬರುತ್ತದೆ. ಗೋಡೆಯಲ್ಲಿ ಚೌಕ ತೂತುಗಳೂ ಇವೆ, ಯಾತಕ್ಕೆ?
— ಕಾಲೇಜು ವಿದ್ಯಾರ್ಥಿನಿ, ಮಾನ್ವಿ

ಆನೆಗೂ ದಿಮ್ಮಿಗೂ ಓಟ ಸಿಗಬಾರದೆಂದು. ಬಾಗಿಲು ಒಡೆಯಬೇಕಾದರೆ ದೂರದಿಂದ ಓಡಿ ಬಂದು ಗುದ್ದಬೇಕು. ಬಾಗಿಲಿನ ಮುಂದೆ ಹದಿನೈದು ಇಪ್ಪತ್ತು ಹೆಜ್ಜೆಗೆ ತಿರುವು ಕೊಟ್ಟರೆ ಆ ಓಟ ತಪ್ಪುತ್ತದೆ. ತಿರುವಿನಲ್ಲಿ ನಿಂತವರ ಮೇಲೆ ಮೂರು ಕಡೆಯಿಂದ ಬಾಣ, ಗುಂಡು ಬೀಳುತ್ತದೆ. ತಿರುವಿನಲ್ಲಿ ನಿಂತು ತಲೆ ಎತ್ತಿದರೆ ಗೋಡೆಯ ಮೇಲಿನ ಕಿಂಡಿಗಳು ನಿಮ್ಮ ಕಡೆಗೇ ಇಳಿಜಾರಾಗಿರುವುದು ಕಾಣುತ್ತದೆ. ಉದ್ದ ಸೀಳಿನ ಸಣ್ಣ ಕಿಂಡಿ ಬಂದೂಕಿಗೆ, ಅಗಲ ಬಾಯಿ ತೋಪಿಗೆ.

ಚೌಕ ತೂತುಗಳು ಅಗುಳಿಯವು. ಕೋಲು ಹಾಕಿ ಎರಡೂ ಕಡೆಯ ಆಳ ಅಳೆದು ನೋಡಿ. ಒಂದು ಕಡೆ ಗೇಣುದ್ದ, ಇನ್ನೊಂದು ಕಡೆ ಬಾಗಿಲಿನ ಅಗಲದಷ್ಟೇ ಆಳ ಇರುತ್ತದೆ. ಬಾಗಿಲು ತೆರೆದಾಗ ಅಗುಳಿ ತೊಲೆ ಪೂರ್ತಿ ಗೋಡೆಯೊಳಗೆ ಸರಿದು ಕೂರುತ್ತದೆ, ಮುಚ್ಚಿದಾಗ ಎಳೆದು ಎದುರು ತೂತಿಗೆ ನೂಕುತ್ತಾರೆ. ಕೆಳಗೆ ಹೊಸ್ತಿಲ ಮೂಲೆಯಲ್ಲಿ ಬಟ್ಟಲಿನಂಥ ಗುಳಿ, ಮೇಲೆ ಅದಕ್ಕೆ ಸರಿಯಾಗಿ ಚಾಚಿದ ಕಲ್ಲಿನಲ್ಲಿ ದುಂಡು ತೂತು ಇದ್ದರೆ ಅದು ಕದದ ತಿರುಗುಣಿ. ಮರದ ಕದ ಹೋಗಿದ್ದರೂ ಈ ಮೂರು ಗುರುತುಗಳಿಂದ ಕದ ಎಷ್ಟು ಎತ್ತರ, ಎಷ್ಟು ದಪ್ಪ, ಯಾವ ಕಡೆಗೆ ತೆರೆಯುತ್ತಿತ್ತು ಎಂದು ಲೆಕ್ಕ ಹಾಕಬಹುದು. ಕದ ಉಳಿದಿರುವ ಕಡೆ ಕಬ್ಬಿಣದ ಮೊಳೆಗಳು ಆನೆಯ ಹಣೆಯ ಎತ್ತರಕ್ಕೇ ದಟ್ಟವಾಗಿರುತ್ತವೆ. ಹುಡೇವಿನ (ಕೋಟೆಯ ಬುರುಜಿನ) ಬುಡ ಯಾಕೆ ಅಗಲ, ತುದಿ ಯಾಕೆ ಕಿರಿದು ಎಂಬುದನ್ನು ಯೋಚಿಸಿ, ಮುಂದಿನ ತಿಂಗಳು ಬರೆದು ಕಳಿಸಿ.

ಬಳ್ಳಾರಿ ಗುಡ್ಡ ಹತ್ತುವಾಗ ಏನೂ ಆಗುವುದಿಲ್ಲ. ಇಳಿಯುವಾಗ ಮಾತ್ರ ಹೊಸ ಸ್ಪೋರ್ಟ್ಸ್ ಶೂ ಹಾಕಿದ್ದರೂ ಜಾರುತ್ತೇನೆ. ಮೊಳಕಾಲೂ ನೋಯುತ್ತದೆ. ಬೂಟಿನ ದೋಷವೇ?
— ಓದುಗರೊಬ್ಬರು, ಬಳ್ಳಾರಿ

ಸ್ವಲ್ಪ ಬೂಟಿನದು, ಹೆಚ್ಚು ಹೆಜ್ಜೆಯದು. ಅದಕ್ಕೂ ಮೊದಲು ಬಂಡೆಯನ್ನು ಅರಿಯಬೇಕು.

ನಮ್ಮ ಸೀಮೆಯ ಗುಡ್ಡಗಳು ಬೆಣಚುಕಲ್ಲಿನವು, ಅಂದರೆ ಗ್ರಾನೈಟಿನವು. ಒಣಗಿದ ಬರಿ ಬಂಡೆ ಜಾರುವುದಿಲ್ಲ, ಉಪ್ಪುಕಾಗದದ ಹಾಗೆ ಹಿಡಿಯುತ್ತದೆ. ಜಾರಿಸುವುದು ಬೇರೆ ನಾಲ್ಕು. ಒಂದು, ಬಂಡೆ ಸವೆದು ಉದುರಿದ ಹರಳು: ಜೋಳದ ಕಾಳಿನ ಗಾತ್ರದ ಈ ಪುಡಿ ಪಾದದಡಿ ಗೋಲಿಯಂತೆ ಉರುಳುತ್ತದೆ. ಎರಡು, ಮಳೆನೀರು ಇಳಿದ ಕಪ್ಪು ಪಟ್ಟೆ: ಅದು ಒಣಗಿದ ಪಾಚಿ, ಇಬ್ಬನಿ ಬಿದ್ದರೂ ಸಾಕು, ಎಣ್ಣೆಯಾಗುತ್ತದೆ. ಮೂರು, ನೂರಾರು ವರ್ಷ ಜನ ತುಳಿದು ಹೊಳಪು ಬಂದ ಮೆಟ್ಟಿಲಿನ ನಡುಭಾಗ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯ: ಬಂಡೆಯ ಮೇಲ್ಪದರ ಈರುಳ್ಳಿ ಸಿಪ್ಪೆಯಂತೆ ಎದ್ದಿರುತ್ತದೆ. ಕೋಲಿನಿಂದ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅದರ ಅಂಚಿನ ಮೇಲೆ ಭಾರ ಹಾಕಬೇಡಿ.

ಇಳಿಯುವಾಗ ಭಯದಿಂದ ಮೈಯನ್ನು ಹಿಂದಕ್ಕೆ ವಾಲಿಸುತ್ತೇವೆ. ಆಗ ಹಿಮ್ಮಡಿ ಮಾತ್ರ ನೆಲ ಮುಟ್ಟುತ್ತದೆ, ಜಾರುತ್ತದೆ. ಮೊಳಕಾಲು ತುಸು ಬಗ್ಗಿಸಿ, ಮೈಭಾರ ಪಾದದ ಮೇಲೆಯೇ ಇರುವಂತೆ, ಅಂಗಾಲು ಪೂರ್ತಿ ಊರಿ ಗೇಣುದ್ದದ ಹೆಜ್ಜೆ ಇಡಿ. ಇಳಿಜಾರು ಕಡಿದಾದಲ್ಲಿ ನೇರ ಇಳಿಯದೆ, ದನ ಇಳಿಯುವಂತೆ ಓರೆಯಾಗಿ ಆಚೆ ಈಚೆ ಹಾಯ್ದು ಇಳಿಯಿರಿ. ಸವೆದ ಮೆಟ್ಟಿಲಿನಲ್ಲಿ ನಡು ಬಿಟ್ಟು ಗೋಡೆಯ ಬದಿಗೆ ನಡೆಯಿರಿ. ಹೆಜ್ಜೆ ಉದ್ದವಾದಷ್ಟೂ ಮೊಳಕಾಲಿಗೆ ಬೀಳುವ ಪೆಟ್ಟು ಜೋರು. ನಿಮ್ಮ ನೋವಿಗೆ ಇದೇ ಕಾರಣವಿರಬಹುದು. ಹೆಜ್ಜೆ ಕಿರಿದು ಮಾಡಿ ಎರಡು ವಾರವಾದರೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಬೂಟಿನ ಮಾತು: ಓಡಲೆಂದು ಮಾಡಿದ ಬೂಟಿನ ತಳ ದಪ್ಪ ಸ್ಪಂಜು, ಕೆಳಪದರ ನಯ. ಬಂಡೆಗೆ ಬೇಕಾದ್ದು ಮೆತ್ತನೆ ರಬ್ಬರಿನ ತೆಳು ತಳ. ಉಗುರಿನಿಂದ ಒತ್ತಿದರೆ ಗುರುತು ಬೀಳುವ ರಬ್ಬರು ಹಿಡಿಯುತ್ತದೆ, ಬೀಳದ್ದು ಜಾರುತ್ತದೆ. ಇಳಿಯುವ ಮುಂಚೆ ಲೇಸು ಬಿಚ್ಚಿ, ಹಿಮ್ಮಡಿ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲವಾದರೆ ಪಾದ ಮುಂದೆ ಸರಿದು ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಗುಡ್ಡಕ್ಕೆ ದಿನಾ ಹೋಗುವ ನೀವು ಒಂದು ದಿನ ಕೆಳಕೋಟೆಯನ್ನೂ ಸುತ್ತಿ. ಮೇಲ್ಕೋಟೆ ಹನುಮಪ್ಪ ನಾಯಕನದು. 1769ರಲ್ಲಿ ಹೈದರಾಲಿಯ ಕೈಗೆ ಬಂದ ಮೇಲೆ ಕೆಳಕೋಟೆ ಎದ್ದಿತು. ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವೆಂದು ಆಮೇಲೆ ತಿಳಿದು, ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಹೈದರ್ ಗಲ್ಲಿಗೇರಿಸಿದನೆಂಬ ಮಾತು ಊರಲ್ಲಿದೆ. ಮಾತು ಹಾಗಿರಲಿ, ತುದಿಯಲ್ಲಿ ನಿಂತು ಕುಂಬಾರ ಗುಡ್ಡದ ಕಡೆ ನೋಡಿದರೆ ತೋಪಿನ ಕಾಲದಲ್ಲಿ ಆ ಆತಂಕ ಯಾಕೆ ಬಂತೆಂದು ತಿಳಿಯುತ್ತದೆ. ಮೇಲಿನ ನೀರಿನ ಹೊಂಡಗಳು ಬಂಡೆಯ ಬಿರುಕಿಗೆ ಅಡ್ಡ ಕಟ್ಟೆ ಕಟ್ಟಿ ಮಾಡಿದವು. ಮೆಟ್ಟಿಲ ದಾರಿಯೂ ಬಿರುಕಿನ ಗುಂಟವೇ ಹೋಗುತ್ತದೆ, ಹಾಗಾಗಿ ಮಳೆ ಬಂದ ದಿನ ಅದೇ ದಾರಿಯಲ್ಲಿ ನೀರು ಇಳಿಯುತ್ತದೆ. ಮೋಡ ಕಟ್ಟಿದ್ದರೆ ಮೇಲೆ ಹೋಗಬೇಡಿ.

ಅಪ್ಪನಿಗೆ 71, ಅವ್ವನಿಗೆ 66. ಆನೆಗುಂದಿ ತೋರಿಸಬೇಕು. ಅಂಜನಾದ್ರಿಯನ್ನೂ ಹತ್ತಬೇಕೆಂದು ಹಟ. ಒಂದೇ ದಿನದಲ್ಲಿ ಆಗುತ್ತದೆಯೇ?
— ಓದುಗರೊಬ್ಬರು, ಕುಷ್ಟಗಿ

ಎರಡು ಬೆಳಗುಗಳಾಗಿ ಮಾಡಿ. ಅಂಜನಾದ್ರಿಗೆ 575 ಮೆಟ್ಟಿಲು. ಅದನ್ನು ಹತ್ತಿ ಇಳಿದ ಕಾಲಿಗೆ ಆನೆಗುಂದಿಯ ಓಣಿ ನಡೆಯುವ ಮನಸ್ಸಿರುವುದಿಲ್ಲ. ಆನೆಗುಂದಿಯನ್ನು ಊಟದ ನಿಲ್ದಾಣ ಮಾಡಿಕೊಂಡು ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ. ವಿಜಯನಗರಕ್ಕಿಂತ ಹಳೆಯ ರಾಜಧಾನಿ ಇದು, ಇವತ್ತಿಗೂ ಅದೇ ಗೋಡೆಗಳ ನಡುವೆ ಜನ ಅಡುಗೆ ಮಾಡಿ, ಎಮ್ಮೆ ಕಟ್ಟಿ, ತೇರು ಎಳೆದು ಬದುಕುತ್ತಿದ್ದಾರೆ.

ಮೊದಲ ಬೆಳಗು ಊರಿಗೆ. ಗಂಗಾವತಿಯಿಂದ ಸುಮಾರು 12 ಕಿ.ಮೀ. ಹೊಸಪೇಟೆ ಕಡೆಯಿಂದ ಬರುವ ವಾಹನಗಳು ಬುಕ್ಕಸಾಗರ–ಕಡೇಬಾಗಿಲು ಸೇತುವೆ ದಾಟಿ ಬರಬೇಕು. ತಳವಾರ ಘಟ್ಟದ ಹತ್ತಿರ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ವಾಹನವನ್ನು ಊರ ಅಂಚಿನಲ್ಲೇ ಬಿಟ್ಟು ತೇರು ಬೀದಿಗೆ ನಡೆದು ಬನ್ನಿ. ರಂಗನಾಥ ಗುಡಿ, ಗಗನ ಮಹಲು ಹತ್ತಿರ ಹತ್ತಿರ ಇವೆ. ಇಲ್ಲಿ ಕಟ್ಟೆಗಳಿವೆ, ಹಿರಿಯರು ಕೂರಬಹುದು. ಮನೆಗಳ ಮುಂದಿನ ಕಟ್ಟೆಯ ಎತ್ತರ, ಬಾಗಿಲವಾಡದ ಕಲ್ಲು, ಮಣ್ಣಿನ ಮಾಳಿಗೆ ಇವನ್ನು ನೋಡುತ್ತಾ ನಿಧಾನ ಹೊಳೆಯ ಕಡೆ ಇಳಿದರೆ ಹುಚ್ಚಪ್ಪಯ್ಯನ ಮಠ ಸಿಗುತ್ತದೆ. ಅದರ ಕರಿಕಲ್ಲಿನ ಕಂಬಗಳು ಚರಕಿ ಹಿಡಿದಂತೆ ದುಂಡು, ಕನ್ನಡಿಯಂತೆ ನಯ. ಸುತ್ತ ಎಲ್ಲ ಬೆಣಚುಕಲ್ಲಾದ್ದರಿಂದ ಈ ಕಲ್ಲು ಹೊರಗಿನಿಂದ ಬಂದದ್ದೆಂದು ಕಣ್ಣೇ ಹೇಳುತ್ತದೆ. ಮಾಳಿಗೆಯಲ್ಲಿ ಹಳೆಯ ಬಣ್ಣದ ಚಿತ್ರಗಳ ಚೂರು ಉಳಿದಿವೆ, ಫ್ಲ್ಯಾಶ್ ಹಾಕಬೇಡಿ.

ಮುಂದೆ ನದಿಯ ಅರವತ್ನಾಲ್ಕು ಕಂಬದ ಮಂಟಪ. ಕೃಷ್ಣದೇವರಾಯನ ಸಮಾಧಿಯೆಂದು ಜನ ನಂಬುವ ಜಾಗ. ಅಲ್ಲಿಂದ ಹೊಳೆದಂಡೆಯ ಚಿಂತಾಮಣಿ ಮಠಕ್ಕೆ ಹೋಗಿ ನೆರಳಲ್ಲಿ ಕೂತರೆ ಬೆಳಗು ಮುಗಿಯಿತು. ಎಲ್ಲ ಸೇರಿ ನಾಲ್ಕು ಕಿಲೋಮೀಟರಿನ ಸುಮಾರು, ಕೂತು ಎದ್ದು ಮೂರೂವರೆ ತಾಸು. ಒಂಬತ್ತು ಯತಿಗಳ ಬೃಂದಾವನಗಳಿರುವ ನಡುಗಡ್ಡೆ ನವಬೃಂದಾವನಕ್ಕೆ ದೋಣಿಯಲ್ಲಿ ಹೋಗಬೇಕು. ಅಲ್ಲಿ ಮಡಿ, ಮೌನ ಇವುಗಳ ನೇಮವಿದೆ, ಪಾಲಿಸಿ.

ಒಂದು ಎಚ್ಚರಿಕೆ. ಜುಲೈಯಿಂದ ಅಕ್ಟೋಬರಿನವರೆಗೆ ಹೊರಡುವ ಮುಂಚೆ ತುಂಗಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಟ್ಟಿದ್ದಾರೆಯೇ ಎಂದು ಅಂದಿನ ಪತ್ರಿಕೆಯಲ್ಲಿ ನೋಡಿ. ಆಣೆಕಟ್ಟಿನ 33 ಗೇಟುಗಳಲ್ಲಿ ಹಲವು ಎತ್ತಿದರೆ ಮಂಟಪ ಮುಳುಗುತ್ತದೆ, ನವಬೃಂದಾವನ ನಡುಗಡ್ಡೆಗೆ ನೀರು ನುಗ್ಗುತ್ತದೆ, ದೋಣಿ–ಹರಿಗೋಲು ನಿಲ್ಲುತ್ತವೆ. ಇಲ್ಲಿ ಮಳೆ ಇಲ್ಲದಿದ್ದರೂ ಮಲೆನಾಡಿನ ಮಳೆಗೆ ಹೊಳೆ ಏರುತ್ತದೆ. ಬಂಡೆಯ ಮೇಲೆ ನೀರಿನಂಚಿಗೆ ಕೂತವರಿಗೆ ಏರುವುದು ಗೊತ್ತೇ ಆಗುವುದಿಲ್ಲ.

ಎರಡನೆಯ ಬೆಳಗು ಅಂಜನಾದ್ರಿ. ಸೂರ್ಯ ಹುಟ್ಟಿದ ಮೇಲೆ ಸುರು ಮಾಡಿ, ಮುಂಚೆ ಬೇಡ. ಆ ಗುಡ್ಡಸಾಲಿನಲ್ಲಿ ಚಿರತೆ, ಕರಡಿ ಇವೆ. 25 ಮೆಟ್ಟಿಲಿಗೊಮ್ಮೆ ನಿಲ್ಲಿ. ನಿಂತಾಗ ಒಂದು ಪೂರ್ತಿ ವಾಕ್ಯ ತಡೆಯದೆ ಮಾತಾಡಲು ಬಂದರೆ ಮುಂದೆ ಹತ್ತಬಹುದು. ಉಸಿರು ತುಂಡಾದರೆ ಇನ್ನೂ ಕೂರಿ. ಎದೆ ಬಿಗಿತ, ಎಡಭುಜ ಅಥವಾ ದವಡೆಗೆ ನೋವು, ತಣ್ಣನೆ ಬೆವರು ಕಂಡರೆ ಅಲ್ಲೇ ಕೂರಿಸಿ ನೆರವು ಕೇಳಿ, 108ಕ್ಕೆ ಕರೆ ಮಾಡಿ. ಬೀಪಿ, ಸಕ್ಕರೆ ಮಾತ್ರೆ ತಪ್ಪಿಸಬಾರದು, ಬರಿಹೊಟ್ಟೆಯಲ್ಲಿ ಹತ್ತಬಾರದು. ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದೇ ಸಾಕು. ಹಣ್ಣು-ಕಾಯಿ ಬಟ್ಟೆ ಚೀಲದೊಳಗೆ ಇರಲಿ. ಚಪ್ಪಲಿ ಬಿಟ್ಟು ನಡೆಯುವ ಕಡೆಗೆ ಇಬ್ಬರಿಗೂ ದಪ್ಪ ಹತ್ತಿಯ ಕಾಲುಚೀಲ ಒಯ್ಯಿರಿ.

ಎಷ್ಟು ನೀರು ಒಯ್ಯಬೇಕು? ಯಾವ ತಿಂಗಳು ಒಳ್ಳೆಯದು?
— ಹಲವರು

ನವೆಂಬರಿನಿಂದ ಫೆಬ್ರುವರಿ ನಡುವೆ. ಒಬ್ಬರಿಗೆ ತಾಸಿಗೆ ಅರ್ಧ ಲೀಟರು, ಅದರ ಮೇಲೆ ಒಂದು ಲೀಟರು ಹೆಚ್ಚುವರಿ. ಮಾರ್ಚ್‌ನಿಂದ ಮೇವರೆಗೆ ಹೋಗಲೇಬೇಕಾದರೆ ತಾಸಿಗೆ ಮುಕ್ಕಾಲರಿಂದ ಒಂದು ಲೀಟರು, ಒಂಬತ್ತಕ್ಕೆ ಕೆಳಗೆ. ಬರೀ ನೀರು ಕುಡಿಯುತ್ತಾ ಬೆವರಿದರೆ ಉಪ್ಪು ಕಡಿಮೆಯಾಗಿ ಮೀನಖಂಡ ಹಿಡಿಯುತ್ತದೆ. ಲೀಟರು ನೀರಿಗೆ ಸಮ ಅಳತೆಯ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಒಂದು ಬಾಟಲಿ ಇರಲಿ; ಉಪ್ಪು ಹಾಕಿದ ಮಜ್ಜಿಗೆಯೂ ಆದೀತು. ಬಿಸಿಲಿನಲ್ಲಿ ಯಾರಾದರೂ ತಡವರಿಸಿ ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೂ ಬೆವರು ನಿಂತಿದ್ದರೆ, ಅದು ದಣಿವಲ್ಲ. ನೆರಳಿಗೆ ಒಯ್ದು, ಬಟ್ಟೆ ಒದ್ದೆ ಮಾಡಿ ಗಾಳಿ ಹಾಕುತ್ತಾ ಆಸ್ಪತ್ರೆಗೆ ಸಾಗಿಸಬೇಕು.

ಬೆಣಚುಕಲ್ಲು ಹಗಲು ಹೀರಿದ ಕಾವನ್ನು ಸಂಜೆ ಬಿಡುತ್ತದೆ. ಬೇಸಿಗೆಯಲ್ಲಿ ಸಂಜೆ ಐದಕ್ಕೆ ತಂಪೆಂದು ಹತ್ತಿದವರಿಗೆ ಬಂಡೆಯ ಕಾವು ಕೆಳಗಿನಿಂದ ಹೊಡೆಯುತ್ತದೆ. ಬೆಳಗೇ ಸರಿ.

ಎಂಟನೆಯ ತರಗತಿಯ ನಲವತ್ತು ಮಕ್ಕಳನ್ನು ಕೊಪ್ಪಳದ ಅಶೋಕನ ಶಾಸನಕ್ಕೆ ಕರೆದೊಯ್ಯಬೇಕು. ಅಕ್ಷರ ಕಾಣದಿದ್ದರೆ ಸುಣ್ಣದಕಡ್ಡಿ ಉಜ್ಜಬಹುದೇ?
— ಶಿಕ್ಷಕರೊಬ್ಬರು, ಯಲಬುರ್ಗಾ

ಉಜ್ಜಬಾರದು. ಸುಣ್ಣದಪುಡಿ ಅಕ್ಷರದ ಗೆರೆಯೊಳಗೆ ಕೂತು ಮಳೆಯಲ್ಲಿ ಕಲ್ಲಿಗೆ ಇಳಿಯುತ್ತದೆ; ಅದನ್ನು ತೊಳೆಯಲು ತಿಕ್ಕಿದವರು ಅಕ್ಷರವನ್ನೂ ಸವೆಸುತ್ತಾರೆ. ಎಣ್ಣೆ, ಹಿಟ್ಟು, ಕುಂಕುಮ, ನೀರು ಯಾವುದೂ ಬೇಡ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ.

ಅಕ್ಷರ ಕಾಣುವುದು ಓರೆ ಬೆಳಕಿನಲ್ಲಿ. ನೇರ ಬಿಸಿಲು ಬಿದ್ದರೆ ಗೆರೆಯ ಆಳ ಕಾಣದು. ಬಂಡೆಗೆ ನೆರಳು ಮಾಡಿ, ದೊಡ್ಡ ಬ್ಯಾಟರಿಯನ್ನು ಬಂಡೆಗೆ ತಾಗಿದಂತೆ ಬದಿಯಿಂದ ಹಿಡಿಯಿರಿ, ಗೆರೆಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ನೆರಳಿಗೆ ಎರಡು ಕೊಡೆ ಸಾಕು.

ಹೋಗುವ ಹಿಂದಿನ ದಿನ ಹಲಗೆಯ ಮೇಲೆ ನಾಲ್ಕು ಬ್ರಾಹ್ಮಿ ಅಕ್ಷರ ಕಲಿಸಿ. 'ಕ' ಎಂದರೆ ಕೂಡುವ ಗುರುತು. 'ಗ' ಮನೆಯ ಸೂರಿನಂತೆ ಎರಡು ಇಳಿಗೆರೆ. 'ಠ' ಬರಿ ದುಂಡು ಸೊನ್ನೆ. 'ನ' ಅಡ್ಡಗೆರೆಯ ನಡುವಿನಿಂದ ಮೇಲಕ್ಕೆದ್ದ ಒಂದು ಗೆರೆ. ಬಂಡೆಯ ಮುಂದೆ ನಿಂತು ಮಕ್ಕಳು ಇವನ್ನು ತಾವೇ ಹುಡುಕಿದರೆ ಆ ಸಂತೋಷಕ್ಕೆ ಯಾವ ಭಾಷಣವೂ ಸಮನಲ್ಲ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ ಎಂಬ ವ್ಯತ್ಯಾಸ ತಪ್ಪದೆ ಹೇಳಿ. ಎರಡನ್ನೂ ಒಂದು ಮಾಡುವವರೇ ಹೆಚ್ಚು. 'ಅಶೋಕ' ಎಂಬ ಹೆಸರನ್ನು ಮಕ್ಕಳು ಹುಡುಕಿದರೆ, ಅದು 1915ರಲ್ಲಿ ಸಿಕ್ಕಿದ ಮಸ್ಕಿಯ ಶಾಸನದಲ್ಲಿದೆ ಎನ್ನಿ. 'ದೇವಾನಾಂಪ್ರಿಯ' ಎಂದು ಕರೆಸಿಕೊಂಡ ಅರಸ ಅಶೋಕನೇ ಎಂದು ಖಚಿತವಾದದ್ದು ನಮ್ಮ ರಾಯಚೂರು ಸೀಮೆಯ ಆ ಬಂಡೆಯಿಂದ.

ಕೊಪ್ಪಳದಲ್ಲಿ ಶಾಸನ ಎರಡು. ಗವಿಮಠದ್ದು ಚೆನ್ನಾಗಿ ಉಳಿದಿದೆ, ಮಕ್ಕಳಿಗೆ ಅದು ಸಾಕು. ಪಾಲ್ಕಿಗುಂಡಿನಲ್ಲಿ ಎರಡು ಬಂಡೆಗಳ ಮೇಲೆ ಭಾರಿ ಚಪ್ಪಡಿ ಪಾಲಕಿಯಂತೆ ಕೂತಿದೆ. ಅದರಡಿಯ ಬರಹ ಸವೆದಿದೆ, ಹತ್ತುವ ದಾರಿ ಬರಿ ಬಂಡೆ. ನಲವತ್ತು ಮಕ್ಕಳನ್ನು ಒಮ್ಮೆಗೇ ಅಲ್ಲಿಗೆ ಹತ್ತಿಸಬೇಡಿ. ಹತ್ತರ ಗುಂಪು, ಗುಂಪಿನ ಮುಂದೊಬ್ಬರು ಹಿಂದೊಬ್ಬರು ದೊಡ್ಡವರು ಬೇಕು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ, ಶಾಲೆಯ ಪ್ರವಾಸಕ್ಕೆ ಆ ದಿನಗಳು ಸಲ್ಲ. ಸಮಯ ಉಳಿದರೆ ಕೋಟೆಯ ಬುಡಕ್ಕೆ ಹೋಗಿ, 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದು ಹಿಡಿದ ಕೋಟೆ ಇದೆಂದು ಹೇಳಿ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ, ಅಂದರೆ ಇದೇ ಕೊಪ್ಪಳವೂ, ಒಂದು. ಯಲಬುರ್ಗಾದ ಮಕ್ಕಳಿಗೆ ತಮ್ಮ ಮಾತಿನ ಬಗ್ಗೆ ಅಳುಕಿದ್ದರೆ ಇದನ್ನು ಎರಡು ಸಲ ಹೇಳಿ.

ಆನೆಗುಂದಿ ಸುತ್ತಲಿನ ಬಂಡೆಗಳ ಮೇಲೆ ಸಾಲು ತೂತುಗಳಿವೆ. ಹಳೆಯವೋ, ಈಗಿನ ಕಲ್ಲುಗಣಿಯವೋ?
— ಓದುಗರೊಬ್ಬರು, ಗಂಗಾವತಿ

ತೂತಿನ ಆಕಾರ ನೋಡಿ. ಉದ್ದ ಚೌಕಾಕಾರದ ಗುಳಿಗಳು, ಅಂಚು ಒರಟು, ನಡುವೆ ಹೆಚ್ಚೂಕಡಿಮೆ ಒಂದೇ ಅಂತರ ಇದ್ದರೆ ಉಳಿಯಿಂದ ಕೊರೆದ ಹಳೆಯ ಬೆಣೆಗುಳಿ. ಗುಳಿಗಳಿಗೆ ಬೆಣೆ ಕೂರಿಸಿ ಸಾಲಾಗಿ ಬಡಿಯುತ್ತಾ ಹೋದರೆ ಬಂಡೆ ಗೆರೆ ಹಿಡಿದು ಸೀಳುತ್ತದೆ. ದುಂಡಗೆ, ಕೊಳವೆಯಂತೆ ಆಳಕ್ಕೆ ನೆಟ್ಟಗಿಳಿದಿದ್ದರೆ ಯಂತ್ರದ ಕೊರೆತ. ಗುಳಿ ಕೊರೆದೂ ಸೀಳದೆ ಬಿಟ್ಟ ಬಂಡೆಗಳು ಕಂಡರೆ ಹತ್ತಿರ ಹೋಗಿ. ಹೆಚ್ಚಾಗಿ ಗೆರೆಗೆ ಅಡ್ಡವಾಗಿ ಒಂದು ಬಿರುಕು ಇರುತ್ತದೆ, ಅದಕ್ಕೇ ಕೈಬಿಟ್ಟಿರುತ್ತಾರೆ.

ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ನಾವೇ ಹೋಗಬಹುದೇ?
— ಗೆಳೆಯರ ಬಳಗ, ಕಾರಟಗಿ

ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲಿ, ಅವರ ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ. ಬಂಡೆಗಳ ನಡುವೆ ಕಾಲುದಾರಿ ಹಲವು ಕವಲಾಗುತ್ತದೆ, ಮರಳುವಾಗ ಎಲ್ಲ ಬಂಡೆಯೂ ಒಂದೇ ಥರ ಕಾಣುತ್ತದೆ. ಹತ್ತಲು ಒಂದೂವರೆ ತಾಸು ಹಿಡಿಯಿರಿ. ಮೇಲೆ ನೀರು ಸಿಕ್ಕೀತೆಂದು ನಂಬಬೇಡಿ. ಅಲ್ಲಿರುವುದು ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳು. ಗೋಡೆಚಪ್ಪಡಿಯಲ್ಲಿ ದುಂಡು ಕಿಂಡಿ ಕೊರೆದಿದ್ದಾರೆ. ಅದರೊಳಗೆ ತೂರಿ ಫೋಟೋ ತೆಗೆಸಿಕೊಳ್ಳಬೇಡಿ. ನಾಲ್ಕು ಚಪ್ಪಡಿ ಒಂದಕ್ಕೊಂದು ಒರಗಿಯೇ ನಿಂತಿವೆ, ಒಂದು ಅಲುಗಿದರೆ ಮೇಲಿನ ಟನ್ನುಗಟ್ಟಲೆ ತೂಕ ಕುಸಿಯುತ್ತದೆ. ಎತ್ತರದ ಬಂಡೆಯ ಮೇಲಿನ ನಗಾರಿ ಗುಂಡು ಬಡಿದರೆ ಸದ್ದು ಕೊಡುತ್ತದೆ ನಿಜ. ಕಲ್ಲಿನಿಂದ ಬಡಿದು ಬಡಿದು ಅದರ ಮೈಮೇಲೆ ಗಾಯಗಳಾಗಿವೆ. ಅಂಗೈಯಿಂದ ತಟ್ಟಿ, ಕಿವಿ ಹಚ್ಚಿ ಕೇಳಿ.

ಮುದಗಲ್ ಕೋಟೆಯೊಳಗೆ ಜನ ವಾಸವಿದ್ದಾರೆ. ಓಣಿಗಳಲ್ಲಿ ಸುತ್ತಿದರೆ ತಪ್ಪು ತಿಳಿಯುತ್ತಾರೆಯೇ?
— ಓದುಗರೊಬ್ಬರು, ಲಿಂಗಸುಗೂರು

ಕ್ಯಾಮೆರಾ ಚೀಲದಲ್ಲಿಟ್ಟುಕೊಂಡು ಮೊದಲು ಮಾತಾಡಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಗಸಿಕಟ್ಟೆಯಲ್ಲಿ ಕೂತ ಹಿರಿಯರಿಗೆ ನಮಸ್ಕಾರವೋ ಸಲಾಮೋ ಹೇಳಿ, ಯಾವ ಊರು, ಏನು ನೋಡಲು ಬಂದಿರಿ ಎಂದು ತಿಳಿಸಿ. ಅವರೇ ಬಾವಿ, ಕಮಾನು, ಸುರಂಗವೆಂದು ಹೇಳುವ ಜಾಗ ಎಲ್ಲ ತೋರಿಸುತ್ತಾರೆ. ಮನೆಯ ಬಾಗಿಲಿನ ನೇರಕ್ಕೆ, ಬಾವಿಕಟ್ಟೆಯಲ್ಲಿ ಹೆಣ್ಣುಮಕ್ಕಳಿರುವಾಗ ಫೋಟೋ ತೆಗೆಯಬೇಡಿ. ಮಾಳಿಗೆ ಹತ್ತಿ ಕೋಟೆ ನೋಡಬೇಕಿದ್ದರೆ ಮನೆಯವರನ್ನು ಕೇಳಿ. ಮಣ್ಣಿನ ಮಾಳಿಗೆಯಾದರೆ ತೊಲೆಯ ಮೇಲೆಯೇ ಹೆಜ್ಜೆ ಇಡಿ, ಒಮ್ಮೆಗೆ ಒಬ್ಬರೇ ಹತ್ತಿ.

ಮೊಹರಂ ಹೊತ್ತಿನಲ್ಲಿ ಮುದಗಲ್ಲಿಗೆ ದೂರದೂರದಿಂದ ಹಿಂದೂ ಮುಸ್ಲಿಂ ಭಕ್ತರು ಬರುತ್ತಾರೆ. ಆ ದಿನಗಳಲ್ಲಿ ಆಲಂ (ಮೊಹರಂ ಪಂಜಾ) ನೋಡಲು ಹೋಗಿ, ಕೋಟೆ ನೋಡಲು ಬೇರೆ ದಿನ ಇಟ್ಟುಕೊಳ್ಳಿ. ಕಂದಕದ ಅಂಚಿನ ಕಲ್ಲುಗಳು ಗಿಡ ಬೇರು ಬಿಟ್ಟು ಸಡಿಲವಾಗಿವೆ. ಅಂಚಿನಿಂದ ಎರಡು ಮಾರು ಒಳಗೇ ನಡೆಯಿರಿ, ಮಕ್ಕಳನ್ನು ಗೋಡೆಯ ಬದಿಗೆ ಇಟ್ಟುಕೊಳ್ಳಿ.